ಕಡತದಲ್ಲಿ ಸತ್ತ ಮದರ್‌ಬೋರ್ಡ್

ಎಲ್ಲಿಗೂ ಹೋಗದೆ ಮೇಜಿನ ಮೇಲೇ ಕೂತಿದ್ದ ಕಂಪ್ಯೂಟರನ್ನು ಕದ್ದವನೆಂಬ ಆರೋಪ ಹೊತ್ತ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನಮ್ಮ ವಠಾರದ ಅರ್ನುಲ್ಫೊ. ಕದ್ದ ಮಾಲು ಸಿಕ್ಕಿತು. ಅದು ಕೆಲಸವನ್ನೂ ಮಾಡುತ್ತಿತ್ತು. ಅದೇ ಅವನ ವಿರುದ್ಧದ ಮುಖ್ಯ ಸಾಕ್ಷ್ಯ! ನಗಬೇಡಿ. ನಾನಿದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ನಡುವೆ ನಿಮಗೆ ನಗು ಬಂದರೆ ಅದಕ್ಕೆ ನಾನು ಹೊಣೆಯಲ್ಲ, ಸರ್ಕಾರ ಹೊಣೆ.

ನಮ್ಮ ರಿಯೊ ಪ್ರಿಯೆತೊದಲ್ಲಿ ಡಾಕ್ಟರಿಗೆ ಬರವಿಲ್ಲ. ಕಣ್ಣು ನೋಡುವವರೇ ಮೂವರಿದ್ದಾರೆ. ಚೀಟಿಯನ್ನು ಚೆನ್ನಾಗಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಹೋಗಬೇಕಾದ್ದು ಊರಿನ ಸರ್ಕಾರಿ ಕನ್ನಡಕದ ಕಾರ್ಯಾಗಾರಕ್ಕೆ. ಅಲ್ಲಿ ಗಾಜಿದೆ, ಕಂದು ಬಣ್ಣದ ಒಂದೇ ಮಾದರಿಯ ಚೌಕಟ್ಟುಗಳು ರಾಶಿ ಬಿದ್ದಿವೆ, ಮಸೂರ ಅರೆಯುವ ದೊಡ್ಡ ಯಂತ್ರವೂ ಇದೆ. ಆದರೆ ಆ ಯಂತ್ರ ತನ್ನ ಜೊತೆಗೇ ಬಂದ ಹಳೆಯ ಕಂಪ್ಯೂಟರೊಂದರ ಮಾತನ್ನು ಮಾತ್ರ ಕೇಳುತ್ತದೆ. ಎರಡನ್ನೂ ಬೆಸೆಯುವ ಕಾರ್ಡು ಕೂರುವಂಥ ಖಾನೆ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಒಂದು ದಿನ ಆ ಕಂಪ್ಯೂಟರ್ ಸತ್ತಿತು. ಪ್ರಾಂತ್ಯದ ಕಚೇರಿಯಿಂದ ಮೂವರ ಸಮಿತಿ ಬಂದು, ಬಗ್ಗಿ ನೋಡಿ, 'ಸತ್ತಿದೆ' ಎಂದು ಸಹಿ ಹಾಕಿತು. ಹೊಸದು ಬರುತ್ತದೆ ಎಂದಿತು. ಹದಿನಾಲ್ಕು ತಿಂಗಳಾಯಿತು.

ಊರಿಗೆ ಊರೇ ಕಣ್ಣು ಕಿರಿದು ಮಾಡಿಕೊಂಡು ಓಡಾಡತೊಡಗಿತು. ರೇಷನ್ ಅಂಗಡಿಯ ಸಾಲಿಗೆ ಬಂದವರು ವಾಡಿಕೆಯಂತೆ "ಕೊನೆಯವರ‍್ಯಾರು?" ಅಂತ ಕೂಗಿದರೆ ಕೊನೆಯವರು ಕೈ ಎತ್ತುತ್ತಿದ್ದರು. ಕೂಗಿದವರಿಗೆ ಕೈ ಕಾಣುತ್ತಿರಲಿಲ್ಲ. ಕಂಬದ ಹಿಂದೆ ನಿಂತು ಅರ್ಧ ದಿನ ಕಾದವರನ್ನು ನಾನೇ ಬಲ್ಲೆ. ನನ್ನ ಕೆಲಸ ಚುಟ್ಟಾ ಕಾರ್ಖಾನೆಯಲ್ಲಿ ಓದುವುದು. ನೂರೈವತ್ತು ಜನ ಎಲೆ ಸುತ್ತುತ್ತಿರುತ್ತಾರೆ, ನಾನು ಎತ್ತರದ ಪೀಠದಲ್ಲಿ ಕೂತು ಅವರಿಗೆ ಪತ್ರಿಕೆ ಓದಬೇಕು. ಕನ್ನಡಕ ಒಡೆದ ಮೇಲೆ ಆ ಹದಿನಾಲ್ಕು ತಿಂಗಳೂ ಪತ್ರಿಕೆಯನ್ನು ಮುಖಕ್ಕೆ ಹಿಡಿದು, ಆಲೂಗಡ್ಡೆ ಗುರಿ ಮೀರಿ ಬೆಳೆದಿದೆ, ಯಾವುದೋ ನಿಯೋಗ ಯಾವುದೋ ನಿಯೋಗವನ್ನು ಆತ್ಮೀಯವಾಗಿ ಭೇಟಿಯಾಗಿದೆ ಎಂದು ಬಾಯಿಗೆ ಬಂದದ್ದು ಓದಿದೆ. ಒಬ್ಬನಿಗೂ ಅನುಮಾನ ಬರಲಿಲ್ಲ.

ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಅರ್ನುಲ್ಫೊನ ಹೆಂಡತಿ ಸೊರಾಯ್ದಳಿಗೆ. ಅವಳು ಹುಡುಗಿಯರ ಹದಿನೈದನೇ ಹುಟ್ಟುಹಬ್ಬದ ನೆರಿಗೆ ಗೌನುಗಳನ್ನು ಹೊಲಿಯುವವಳು. ಕಣ್ಣಿನ ನಂಬರು ಮೈನಸ್ ಹನ್ನೊಂದು. ಕನ್ನಡಕವಿಲ್ಲದೆ ಅವಳಿಗೆ ಸೂಜಿಯೂ ಒಂದೇ, ಗಾಳಿಯೂ ಒಂದೇ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿ, ಹೆಣದ ಪಕ್ಕ ಕೂತ ಹಾಗೆ ಅದರ ಪಕ್ಕ ಕೂತಿರುತ್ತಿದ್ದಳು.

ಅರ್ನುಲ್ಫೊ ಕಾರ್ಯಾಗಾರದಲ್ಲಿ ಗಾಜಿನ ಅಂಚು ಉಜ್ಜುವ ಕೆಲಸದವನು. ಒಳ್ಳೆಯ ಮನುಷ್ಯ, ಅಂದರೆ ಅಪಾಯದ ಮನುಷ್ಯ. ಅವನಿಗೊಂದು ಹುಚ್ಚಿತ್ತು. ಪ್ರತಿ ವರ್ಷ ಕಾರ್ಮಿಕರ ಸಭೆಯಲ್ಲಿ ಯಾರಾದರೊಬ್ಬನಿಗೆ 'ನವಶೋಧಕ' ಎಂಬ ಡಿಪ್ಲೊಮಾ ಕೊಡುತ್ತಾರೆ. ಇಪ್ಪತ್ತೆರಡು ವರ್ಷ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ಅವನು. ಮನೆಯ ಗೋಡೆಗೆ ಮೊಳೆ ಮೊದಲೇ ಹೊಡೆದಿಟ್ಟಿದ್ದ. ಡಿಪ್ಲೊಮಾ ಬರುವತನಕ ಇರಲಿ ಅಂತ ಸೊರಾಯ್ದ ಅದಕ್ಕೆ ಕಾಫಿ ಸೋಸುವ ಬಟ್ಟೆ ನೇತುಹಾಕಿದ್ದಳು.

ಒಂದು ದಿನ ಅವನು ಸತ್ತ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮದರ್‌ಬೋರ್ಡನ್ನು ಬ್ರೆಡ್ಡಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ದಾರಿಯಲ್ಲಿ ನಾಲ್ಕು ಜನ ಚೀಲ ನೋಡಿ, "ಎಲ್ಲಿ ಕೊಡ್ತಿದಾರೆ ಬ್ರೆಡ್ಡು?" ಅಂತ ಹಿಂದೆ ಬಿದ್ದರಂತೆ.

ರೋಗ ಏನೆಂದರೆ, ಗಡಿಯಾರ ನಡೆಸಲು ಬೋರ್ಡಿಗೆ ಬೆಸೆದಿದ್ದ ನೀಲಿ ಬ್ಯಾಟರಿ ಹಳತಾಗಿ ಸೋರಿತ್ತು. ಸೋರಿದ್ದು ಹಸಿರು ಕಿಲುಬಾಗಿ ಆರು ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಅರ್ನುಲ್ಫೊ ವಿನೆಗರ್ ಹಚ್ಚಿದ, ಬ್ರಶ್ಶಿನಲ್ಲಿ ಹಗುರವಾಗಿ ತಿಕ್ಕಿದ, ಸ್ಪಿರಿಟ್ಟಿನಲ್ಲಿ ತೊಳೆದ, ಬಿಸಿಲಿಗೆ ಒಣಹಾಕಿದ. ಸುಟ್ಟ ಫ್ಯಾನಿನ ಸುರುಳಿಯಿಂದ ಕೂದಲಿನಷ್ಟು ತೆಳುವಾದ ತಂತಿ ಎಳೆದು ಆರು ಗೆರೆಗಳನ್ನೂ ಬೆಸೆದ. ಊದಿಕೊಂಡಿದ್ದ ಕೆಪಾಸಿಟರುಗಳನ್ನು ಕಿತ್ತು, ಸತ್ತ ಸೋವಿಯತ್ ಟೀವಿಯಿಂದ ತೆಗೆದವನ್ನು ಕೂರಿಸಿದ. ಬಿಲ್ಲೆ ಬ್ಯಾಟರಿಗೆ ಹಾಲಿನ ಡಬ್ಬಿಯ ತಗಡಿನಲ್ಲಿ ಗೂಡು ಮಾಡಿದ. ಬೋರ್ಡು ಉಸಿರಾಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬರೀ ರಿಪೇರಿಗೆ ಡಿಪ್ಲೊಮಾ ಕೊಡುತ್ತಾರೆಯೇ? ಸುಧಾರಣೆ ಬೇಕು! ಪಕ್ಕದ ಮನೆಯ ಒರ್ತೆನ್ಸಿಯಳ ಗಂಡ ಹಡಗಿನವನಾಗಿದ್ದ. ಅವನು ಯಾವುದೋ ಬಂದರಿನಿಂದ ಚಿನ್ನದ ಕಾಲುಗಳ ಕಂಪ್ಯೂಟರ್ ಚಿಪ್ಪೊಂದನ್ನು ಒಡವೆ ಅಂತ ತಿಳಿದು ತಂದಿದ್ದ. ಒರ್ತೆನ್ಸಿಯ ಅದನ್ನು ಬಾಗಿಲ ಮೂಲೆಯ ಸಾನ್ ಲಾಸರೊ ಸಂತನ ವಿಗ್ರಹದ ಪಾದದ ಬಳಿ ಹರಕೆಯಾಗಿ ಇಟ್ಟಿದ್ದಳು. ಅದು ಹೆಚ್ಚು ಚುರುಕಿನ 486 ಜಾತಿಯದು, ಆದರೆ ಹಳೆಯ 386 ಚಿಪ್ಪಿನ ಜಾಗದಲ್ಲೇ ಕೂರುವಂಥದ್ದು. ಅರ್ನುಲ್ಫೊ ಸಂತನಿಗೆ ಒಂದು ಚುಟ್ಟಾ ಇಟ್ಟು ಅದನ್ನು ಬೇಡಿ ತಂದ. ಇಗರ್ಜಿಯ ಗುಜರಿಯಿಂದ ಮೆಮೊರಿ ಪಟ್ಟಿಗಳು ಬಂದವು. ನಾಲ್ಕು ಎಂ.ಬಿ. ಇದ್ದದ್ದು ಹದಿನಾರಾಯಿತು. ಬೋರ್ಡನ್ನು ಕಾರ್ಯಾಗಾರಕ್ಕೆ ಒಯ್ದು ಕೂರಿಸಿ, ಒಂದು ಗಾಜು ಅರೆದು ನೋಡಿದ. ಮೊದಲು ಒಂದು ಮಸೂರದ ಲೆಕ್ಕ ಹಾಕುವುದಕ್ಕೇ ನಲವತ್ತು ನಿಮಿಷ ತಿನ್ನುತ್ತಿದ್ದ ಕಂಪ್ಯೂಟರ್ ಈಗ ಲೆಕ್ಕವನ್ನೂ ಅರೆತವನ್ನೂ ಹದಿನೈದು ನಿಮಿಷದಲ್ಲಿ ಮುಗಿಸಿತು.

ಈ ದುರಸ್ತಿಯ ವಾರಗಳಲ್ಲೇ ವಠಾರದ ತೊಟ್ಟಿಯ ಬಳಿಯಿಂದ ಸೊರಾಯ್ದಳ ಕೆಂಪು ಹಲ್ಲುಜ್ಜುವ ಬ್ರಶ್ಶು ಕಾಣೆಯಾಗಿ, ಅವಳಿಗೂ ಒರ್ತೆನ್ಸಿಯಳಿಗೂ ಮಾತು ಬಿಟ್ಟುಹೋಗಿತ್ತು.

"ಕಣ್ಣು ಕಾಣಲ್ಲ ಅಂತ ಬಾಯಿಗೇ ಕೈ ಹಾಕ್ತಾರೆ ಈ ವಠಾರದೋರು!" ಎಂದಿದ್ದಳು ಸೊರಾಯ್ದ, ಒರ್ತೆನ್ಸಿಯಳ ಬಾಗಿಲು ಅಂತ ತಿಳಿದು ನನ್ನ ಬಾಗಿಲ ಕಡೆ ತಿರುಗಿ.

"ನನ್ನ ಬಾಯಲ್ಲಿ ಹಲ್ಲಿರೋದೇ ಮೂರು ಕಣೇ, ನಿನ್ನ ಬ್ರಶ್ಶು ಕಟ್ಟಿಕೊಂಡು ನಾನೇನು ಮಾಡ್ಲಿ?" ಎಂದಳು ಒರ್ತೆನ್ಸಿಯ ಅವಳ ಬೆನ್ನ ಹಿಂದಿನಿಂದ.

ಅರ್ನುಲ್ಫೊ ಮಾತ್ರ ಬಗ್ಗಿಸಿದ ತಲೆ ಎತ್ತದೆ ವರದಿ ಬರೆಯುತ್ತಿದ್ದ. ಹನ್ನೊಂದು ಪುಟ, ಮೂರು ಪ್ರತಿ. ಯಾವ ಭಾಗ ಯಾರಿಂದ ಬಂತು, ಯಾಕೆ ಬಂತು, ಒಂದೂ ಬಿಡದೆ. ಒಂದು ಪ್ರತಿ ತನಗಿಟ್ಟುಕೊಂಡ, ಒಂದನ್ನು ಬಸ್ ಡ್ರೈವರನ ಕೈಯಲ್ಲಿ ನೇರ ಪ್ರಾಂತ್ಯದ ಕಚೇರಿಗೆ ಕಳಿಸಿದ, ಇನ್ನೊಂದನ್ನು ಕಾರ್ಯಾಗಾರದ ಆಡಳಿತಗಾರ ಬೆಲಾರ್ಮಿನೊನ ಮೇಜಿನ ಮೇಲಿಟ್ಟ. ಬೆಲಾರ್ಮಿನೊ ನೆರಳಿಗೂ ನಮಸ್ಕಾರ ಹೇಳುವ ಪುಕ್ಕಲ.

"ಏನಿದು?"

"ವರದಿ."

"ಕಾಣತ್ತೆ. ಯಾಕೆ ಬರೆದೆ?"

"ಸಭೆ ಹತ್ತಿರ ಬಂತಲ್ಲ… ಡಿಪ್ಲೊಮಾ…"

ಬೆಲಾರ್ಮಿನೊ ಕುರ್ಚಿಯಲ್ಲಿ ಕುಸಿದ. "ಅಯ್ಯೋ ಪುಣ್ಯಾತ್ಮ! ಈ ದೇಶದಲ್ಲಿ ಎಲ್ಲರೂ ಎಲ್ಲಾನೂ ರಿಪೇರಿ ಮಾಡ್ತಾರೆ. ನಮ್ಮಪ್ಪ ಟ್ರ್ಯಾಕ್ಟರ್ ಇಂಜಿನ್ನನ್ನ ಕಾರಿಗೆ ಹಾಕ್ದ. ನನ್ನ ಹೆಂಡ್ತಿ ಫ್ರಿಜ್ಜಿಗೆ ಸೈಕಲ್ ರಬ್ಬರ್ ಸುತ್ತಿದಾಳೆ. ಬರೆದವರು ಯಾರಾದ್ರೂ ಇದಾರೇನೋ?"

"ಸುಳ್ಳು ಬರೆದಿಲ್ಲ, ನಿಜಾನೇ ಬರೆದಿದೀನಿ."

"ನಾನೂ ಅದನ್ನೇ ಹೇಳ್ತಿರೋದು! ಸುಳ್ಳು ಬರೆದಿದ್ರೆ ಬಚಾವಾಗ್ತಿದ್ವಿ."

ಉತ್ತರ ಬರುವತನಕ ಯಂತ್ರ ಮುಟ್ಟಕೂಡದು ಎಂದು ಬಾಗಿಲಿಗೆ ಬೀಗ ಹಾಕಿದ. ನೂರಾ ಎರಡು ಜನರ ಚೀಟಿಗಳು ಒಳಗೆ, ಆ ನೂರಾ ಎರಡು ಜೊತೆ ಕಣ್ಣು ಹೊರಗೆ.

ಸಮಿತಿ ಜೀಪಿನಲ್ಲಿ ಬಂತು. ಮುಖ್ಯಸ್ಥ ಕಾಮ್ರೇಡ್ ಉರ್ಕಿಯೋಲ, ಬರೆದುಕೊಳ್ಳುವವಳೊಬ್ಬಳು, ಸುಮ್ಮನೆ ತಲೆಯಾಡಿಸುವವನೊಬ್ಬ. ಉರ್ಕಿಯೋಲನ ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು, ಒಂದು ಕಡ್ಡಿಯ ಬದಲು ದಾರವಿತ್ತು. ಕಡತವನ್ನು ಒಮ್ಮೆ ಮೂಗಿಗೆ ತಾಗಿಸಿ, ಒಮ್ಮೆ ತೋಳುದ್ದ ಚಾಚಿ ಓದುತ್ತಿದ್ದ. ಬಾಗಿಲಲ್ಲಿ ನಾವೆಲ್ಲ ಮುಕುರಿದ್ದೆವು.

"ಮೇಜಿನ ಮೇಲಿರೋದು ಏನು?"

"ಕಂಪ್ಯೂಟರ್, ಕಾಮ್ರೇಡ್."

"ನಡೀತಿದೆಯಾ?"

"ನಡೀತಿದೆ!" ಅರ್ನುಲ್ಫೊ ಎದೆಯುಬ್ಬಿಸಿದ. ಸಮಿತಿ ತಂದ ಚೀಲದಲ್ಲೇ ಡಿಪ್ಲೊಮಾ ಇದೆ ಅಂತ ಅವನ ನಂಬಿಕೆ.

"ಹಾಗಾದ್ರೆ ಇದು ನಮ್ಮದಲ್ಲ. ನಮ್ಮದು ಸತ್ತಿದೆ. ಮೂರು ಸಹಿ ಇದೆ. ನಮ್ಮದು ಎಲ್ಲಿ?"

"ಇದೇ ನಿಮ್ಮದು. ನಂಬರಿನ ತಗಡು ನೋಡಿ, ಇಲ್ಲೇ ಇದೆ."

ಉರ್ಕಿಯೋಲ ತಗಡನ್ನು ಬೆರಳಲ್ಲಿ ಸವರಿದ. "ತಗಡು ನಮ್ಮದೇ. ಅಂದ್ರೆ ನಮ್ಮ ತಗಡನ್ನ ಕಿತ್ತು ಇದಕ್ಕೆ ಹೊಡೆದಿದೀರಿ. ಬರ್ಕೊಳ್ಳಿ, ಎರಡನೇ ಅಪರಾಧ."

"ಮೊದಲನೇದು ಯಾವುದು ಸ್ವಾಮಿ?"

"ನಮ್ಮ 386 ಕಂಪ್ಯೂಟರ್ ಕಳವು. ಮೂರನೇದು, ಮೂಲ ಗೊತ್ತಿಲ್ಲದ 486 ಒಂದನ್ನ ಸರ್ಕಾರಿ ಜಾಗದಲ್ಲಿ ಬಚ್ಚಿಟ್ಟಿದ್ದು."

"ಬಚ್ಚಿಟ್ಟಿಲ್ಲ, ಮೇಜಿನ ಮೇಲಿದೆ. ಮೂಲ ಎಲ್ಲಾ ವರದೀಲಿದೆ!"

"ವರದೀಲಿದೆ," ಎಂದ ಉರ್ಕಿಯೋಲ ಹಾಯಾಗಿ. "ಹನ್ನೊಂದು ಪುಟದ ತಪ್ಪೊಪ್ಪಿಗೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಅಚ್ಚುಕಟ್ಟು ಕಳ್ಳನನ್ನ ನೋಡಿರಲಿಲ್ಲ. ಈ ಚಿಪ್ಪಿನ ಒಡತಿಯನ್ನ ಕರೀರಿ."

ಒರ್ತೆನ್ಸಿಯ ಜನರನ್ನು ಮೊಣಕೈಯಲ್ಲಿ ತಿವಿಯುತ್ತ ಒಳಗೆ ಬಂದಳು. "ನನ್ನದಲ್ಲ ಅದು. ಲಾಸರೊಂದು."

"ಯಾರಾತ? ಎಲ್ಲಿ ಕೆಲಸ?"

"ಕೆಲಸ ಎಲ್ಲಿಂದ ಮಾಡ್ತಾನೆ ಪಾಪ, ಮೈತುಂಬ ಹುಣ್ಣು. ಊರುಗೋಲು ಹಿಡ್ಕೊಂಡು ನಿಂತಿರ್ತಾನೆ."

"ವಾಸ?"

"ನಮ್ಮನೇಲೇ. ಬಾಗಿಲ ಮೂಲೇಲಿ."

ಬರೆದುಕೊಳ್ಳುವವಳು ಬರೆದುಕೊಂಡಳು. ಉರ್ಕಿಯೋಲ ಹುಬ್ಬು ಗಂಟಿಕ್ಕಿದ. "ಚಿಪ್ಪು ಅವರಿಗೆ ಹೇಗೆ ಬಂತು? ರಸೀದಿ ಇದೆಯಾ?"

"ನಮ್ಮ ಯಜಮಾನರು ತಂದದ್ದು, ನಾನು ಹರಕೆ ಒಪ್ಪಿಸಿದ್ದು. ರಸೀದಿ ಬೇಕಾದ್ರೆ ಹೋಗಿ ಸಂತನ್ನೇ ಕೇಳಪ್ಪ. ಕಾಲ ಹತ್ರ ಎರಡು ನಾಯಿ ಇದಾವೆ, ಹುಷಾರು."

ಬಾಗಿಲಲ್ಲಿ ನಗೆ ಸ್ಫೋಟಿಸಿತು. ಉರ್ಕಿಯೋಲ ಕಡತ ಕುಕ್ಕಿದ. ನಗುವವರ ಹೆಸರನ್ನೂ ಬರೆದುಕೊಳ್ಳಿ ಎಂದ. ನಗು ನಿಂತಿತು. ನೋಡಿ, ನಮ್ಮಲ್ಲಿ ನಗು ನಿಲ್ಲಿಸುವುದು ಇಷ್ಟು ಸುಲಭ, ಒಂದು ಪೆನ್ನು ಸಾಕು.

ಆಗ ಸೊರಾಯ್ದ ಗೋಡೆ ಹಿಡಿದು ಹಿಡಿದು ಮುಂದೆ ಬಂದಳು. ಬಂದು, ತಲೆಯಾಡಿಸುವವನ ಮುಂದೆ ನಿಂತು, ಅವನೇ ಮುಖ್ಯಸ್ಥ ಅಂತ ತಿಳಿದು ಕೇಳಿದಳು: "ಹದಿನಾಲ್ಕು ತಿಂಗಳಿಂದ ನಾನು ಸೂಜಿಗೆ ದಾರ ಪೋಣಿಸಿಲ್ಲ. ಯಂತ್ರ ಸರಿಯಾಗಿದೆ. ಅದು ಸರಿಯಾಗಿದೆ ಅಂತ ಒಂದು ಸಾಲು ಬರೆಯೋಕೆ ನಿಮಗೆ ಏನು ಕಷ್ಟ?"

ತಲೆಯಾಡಿಸುವವನು ಅಭ್ಯಾಸಬಲದಿಂದ ತಲೆಯಾಡಿಸಿಬಿಟ್ಟ. ಉರ್ಕಿಯೋಲ ಅವನನ್ನು ಬಿರುಗಣ್ಣಿನಿಂದ ನೋಡಿ, ಸೊರಾಯ್ದಳಿಗೆ ಪಾಠ ಹೇಳುವವನಂತೆ ಹೇಳಿದ: "ತಾಯಿ, ಸರಿಯಾಗಿದೆ ಅಂತ ಬರೆದರೆ ಅವತ್ತು ಸತ್ತಿದೆ ಅಂತ ಬರೆದದ್ದು ಸುಳ್ಳಾಗತ್ತೆ. ಸರ್ಕಾರ ಸುಳ್ಳು ಬರೆಯಲ್ಲ. ಅರ್ನುಲ್ಫೊಗೆ ಮೂರು ದಿನ ಟೈಮು. ಯಂತ್ರ ಕಡತದಲ್ಲಿ ಹೇಗಿದೆಯೋ ಹಾಗೇ ಆಗಬೇಕು. ಹಳೇ ಚಿಪ್ಪು, ಹಳೇ ಬ್ಯಾಟರಿ, ಹಸಿರು ಕಲೆ. ಶುಕ್ರವಾರ ಹತ್ತು ಗಂಟೆಗೆ ಬಂದು ನೋಡ್ತೀವಿ. ಸತ್ತಿದ್ರೆ ಸರಿ. ಬದುಕಿದ್ರೆ ಕೋರ್ಟು."

ಒಂದು ಊರಿನ ಕಣ್ಣನ್ನು ಮತ್ತೆ ಕೀಳು ಎಂದು ಆ ಕಣ್ಣನ್ನು ಕೊಟ್ಟವನಿಗೇ ಆಜ್ಞೆ! ಇದನ್ನು ಹೇಳಿ ಅವರು ಕಾಫಿ ಕೇಳಿದರು. ನಾವು ಕೊಟ್ಟೆವು ಕೂಡ. ಅದನ್ನು ನೆನೆದರೆ ಈಗಲೂ ನನ್ನ ಕೈ ಉರಿಯುತ್ತದೆ.

ಜೀಪು ಹೋದ ಮೇಲೆ ಬೆಲಾರ್ಮಿನೊನಿಗೆ ರಕ್ತದೊತ್ತಡ ಏರಿತು. ಸರಿಯಾಗಿ ಮೂರು ದಿನದ ರಜೆ ಬೇಕಾಗುವಷ್ಟು ಏರಿತು. ಹೋಗುವಾಗ ಬೀಗದ ಕೈ ಮೇಜಿನ ಮೇಲೆ ಮರೆತ. ಎರಡು ಸಲ ಹಿಂತಿರುಗಿ ಬಂದು, ಮರೆತದ್ದು ಎಲ್ಲರಿಗೂ ಕಾಣುವ ಹಾಗೆ ಇದೆಯೇ ಅಂತ ನೋಡಿ ಹೋದ. ಪುಕ್ಕಲರಲ್ಲೂ ತರಗತಿಗಳಿವೆ.

ಅರ್ನುಲ್ಫೊ ಯಂತ್ರದ ಮುಂದೆ ತಲೆ ಹಿಡಿದು ಕೂತಿದ್ದ. "ಶುಕ್ರವಾರ ಹತ್ತಕ್ಕೆ ಸತ್ತಿರಬೇಕು ಅಂದ್ರು. ಇವತ್ತು ಮಂಗಳವಾರ."

"ಅದಕ್ಕೇ?" ಎಂದಳು ಸೊರಾಯ್ದ.

"ಅಲ್ಲೀತನಕ ಏನಾಗಿರಬೇಕು ಅಂತ ಹೇಳಿಲ್ಲ."

ಸುದ್ದಿಗೆ ಕಾಲು ಬಂತು. ಅರ್ಧ ಗಂಟೆಯಲ್ಲಿ ಬೀದಿ ತುಂಬ "ಕೊನೆಯವರ‍್ಯಾರು? ಕೊನೆಯವರ‍್ಯಾರು?" ಎಂಬ ಕೂಗು. ಯಾರಿಗೂ ಯಾರೂ ಕಾಣರು, ಆದರೂ ಆ ಸಾಲಿನಲ್ಲಿ ಒಬ್ಬನೂ ನುಗ್ಗಲಿಲ್ಲ. ಒಬ್ಬರ ಭುಜ ಒಬ್ಬರು ಹಿಡಿದು ನಿಂತರು. ಕರೆಂಟು ಇದ್ದಷ್ಟು ಹೊತ್ತೂ ಯಂತ್ರ ಅರೆಯಿತು. ಕರೆಂಟು ಹೋದಾಗ ಅರ್ನುಲ್ಫೊ ಕೂತಲ್ಲೇ ನಿದ್ದೆ ಮಾಡಿದ. ಕಂದು ಚೌಕಟ್ಟು ಏರಿಸಿ ಒಬ್ಬೊಬ್ಬರೂ ಹೊರಬಂದು ಊರನ್ನು ನೋಡಿ, "ಇಷ್ಟು ಹಾಳಾಗಿದೆಯಾ ನಮ್ಮೂರು!" ಅಂತ ಬೈಯತೊಡಗಿದರು. ನಾನು ಕನ್ನಡಕ ಹಾಕಿ ಆ ದಿನದ ಪತ್ರಿಕೆ ತೆರೆದೆ. ಆಲೂಗಡ್ಡೆ ಗುರಿ ಮೀರಿ ಬೆಳೆದಿತ್ತು.

"ನೀನು ಮೊದಲು ಬಾ," ಎಂದಿದ್ದ ಅರ್ನುಲ್ಫೊ ಹೆಂಡತಿಗೆ.

"ನನ್ನ ಗಾಜು ಒಂದೊಂದಕ್ಕೂ ಒಂದೊಂದು ಗಂಟೆ ಹಿಡಿಯತ್ತೆ. ಅಷ್ಟರಲ್ಲಿ ನಾಲ್ಕು ಜನ ನೋಡ್ಕೋತಾರೆ. ನಂದು ಕೊನೇಗಿರಲಿ," ಎಂದಿದ್ದಳು ಅವಳು.

ಶುಕ್ರವಾರ ಎಂಟು ಗಂಟೆಗೆ ನೂರಾ ಒಂದನೆಯವನು ಎದ್ದುಹೋದ. ಸೊರಾಯ್ದಳ ಬಲಗಣ್ಣಿನ ಮಸೂರ ಒಂಬತ್ತಕ್ಕೆ ತಯಾರಾಯಿತು. ಎಡಗಣ್ಣಿನ ಗಾಜನ್ನು ಹಿಡಿಕೆಗೆ ಕಚ್ಚಿಸುವಷ್ಟರಲ್ಲಿ ಕರೆಂಟು ಹೋಯಿತು. ಒಂಬತ್ತೂವರೆ ಆಯಿತು, ಬರಲಿಲ್ಲ. ಅರ್ನುಲ್ಫೊ ಅಳುತ್ತ ಚಿನ್ನದ ಕಾಲಿನ ಚಿಪ್ಪು ತೆಗೆದು ಹಳೆಯದನ್ನು ಕೂರಿಸಿದ. ಸತ್ತ ನೀಲಿ ಬ್ಯಾಟರಿಯನ್ನು ಅದರ ಜಾಗದಲ್ಲಿ ಮೇಣ ಹಚ್ಚಿ ನಿಲ್ಲಿಸಿದ. ಹಸಿರು ಕಲೆಯನ್ನು ಒರ್ತೆನ್ಸಿಯ ತನ್ನ ಕಣ್ಣಿಗೆ ಹಚ್ಚುವ ಬಣ್ಣದಿಂದ ತೀಡಿದಳು, ಅಸಲಿಗಿಂತ ಚೆನ್ನಾಗಿ ಬಂತು. ಕೊನೆಗೆ ಅವನು ಉಗುರು ಕತ್ತರಿ ತೆಗೆದು, ತಾನೇ ಬೆಸೆದ ಆರು ತಂತಿಗಳಲ್ಲಿ ಒಂದನ್ನು ಕತ್ತರಿಸಿದ. ಸೊರಾಯ್ದ ಒಂಟಿ ಗಾಜಿನ ಕನ್ನಡಕ ಹಾಕಿಕೊಂಡು, ಎಡಗಣ್ಣು ಮುಚ್ಚಿ ಪಕ್ಕದಲ್ಲಿ ನಿಂತಳು.

ಹತ್ತಕ್ಕೆ ಜೀಪು ಬಂತು. ಅಧಿಕಾರಿಗಳು ಬಂದರೆ ಕರೆಂಟೂ ಬರುತ್ತದೆ, ಬಂತು. ಬೀದಿಯ ಎರಡೂ ಬದಿ ನಾವು ನಿಂತಿದ್ದೆವು, ಒಂದೇ ಮಾದರಿಯ ಕಂದು ಕನ್ನಡಕ ಹಾಕಿ, ಅವರನ್ನೇ ನೋಡುತ್ತ.

"ಯಾಕೆ ಇವರೆಲ್ಲ ಹೀಗೆ ನೋಡ್ತಿದಾರೆ?" ಎಂದ ಉರ್ಕಿಯೋಲ.

"ನೋಡಿ ಬಹಳ ದಿನ ಆಗಿತ್ತು ಕಾಮ್ರೇಡ್," ಎಂದೆ ನಾನು.

ಗುಂಡಿ ಒತ್ತಿದರು. ಯಂತ್ರ ಮಿಸುಕಲಿಲ್ಲ. ಕಲೆ ಅಳೆದರು, ಸರಿ ಇತ್ತು. 'ಸತ್ತಿದೆ, ಹತ್ತು ಗಂಟೆ ಹದಿನೈದು ನಿಮಿಷ' ಎಂದು ಬರೆದು ಮೂವರೂ ಸಹಿ ಹಾಕಿದರು. ಬರೆದುಕೊಳ್ಳುವವಳು ಕಿಟಕಿಯಾಚೆ ನೋಡಿ ಮೆಲ್ಲಗೆ ಕೇಳಿದಳು: "ಮತ್ತೆ ಇವರ ಕನ್ನಡಕಗಳು…?"

"ಸತ್ತ ಯಂತ್ರ ಕನ್ನಡಕ ಮಾಡಲ್ಲಮ್ಮ," ಎಂದ ಅರ್ನುಲ್ಫೊ. "ಈಗ ತಾನೇ ಬರೆದಿರಲ್ಲ." ಅವನ ಬಾಯಿಂದ ಬಂದ ಮೊದಲ ಜಾಣ ಮಾತು ಅದು. ಹೇಳಿ ಅವನೇ ಬೆಚ್ಚಿದ.

ಬರೆದುಕೊಳ್ಳುವವಳೂ ತಲೆಯಾಡಿಸುವವನೂ ಜೀಪಿನ ಕಡೆ ನಡೆದರು. ಉರ್ಕಿಯೋಲ ಹೋಗಲಿಲ್ಲ. ಎಡಕ್ಕೆ ಬಲಕ್ಕೆ ನೋಡಿ, ಅಂಗಿಯ ಜೇಬಿನಿಂದ ಬಟ್ಟೆಯಷ್ಟು ಮೆತ್ತಗಾಗಿದ್ದ ಒಂದು ಚೀಟಿ ತೆಗೆದ. "ಅರ್ನುಲ್ಫೊ… ನಂದೂ ಒಂದು ಇತ್ತು. ಒಂದು ವರ್ಷ ಆಯ್ತು. ರಸ್ತೆ ದಾಟೋಕೆ ಭಯ ಆಗತ್ತಪ್ಪ. ನೀನು ಮನಸ್ಸು ಮಾಡಿದ್ರೆ ಹತ್ತು ನಿಮಿಷದ ಕೆಲಸ ಅಂತ ನಂಗೊತ್ತು."

ಅರ್ನುಲ್ಫೊನ ಕೈ ಆಗಲೇ ಚಿನ್ನದ ಕಾಲಿನ ಚಿಪ್ಪಿದ್ದ ಜೇಬಿಗೆ ಹೋಗಿತ್ತು. ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ಸೊರಾಯ್ದ ಆ ಕೈ ಹಿಡಿದಳು. ಒಂಟಿ ಗಾಜಿನಿಂದ ಉರ್ಕಿಯೋಲನನ್ನು ನೋಡಿದಳು, ಈ ಸಲ ಸರಿಯಾದ ಮನುಷ್ಯನನ್ನೇ.

"ಯಂತ್ರ ಎಷ್ಟೊತ್ತಿಗೆ ಸತ್ತಿತು ಅಂತ ಬರೆದಿರಿ?"

"ಹತ್ತೂ ಹದಿನೈದು."

"ಈಗ ಹತ್ತೂ ಇಪ್ಪತ್ತು. ಹತ್ತೂ ಇಪ್ಪತ್ತಕ್ಕೆ ಬದುಕಿದೆ ಅಂತ ಕೆಳಗೆ ಬರೆದು ಸಹಿ ಹಾಕಿ. ನಿಮ್ಮ ಗಾಜು ಮೊದಲು ಆಗ್ಲಿ. ನನ್ನ ಎಡಗಣ್ಣು ಆಮೇಲೆ."

ಅವನು ಪೆನ್ನು ನೋಡಿದ. ಕಡತ ನೋಡಿದ. ಜೀಪು ನೋಡಿದ. ಒಂದು ಸಾಲು, ಅಷ್ಟೇ! ಅವನ ತುಟಿ ಅಲುಗಿತು. ಆಮೇಲೆ ಚೀಟಿಯನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿ ಜೇಬಿಗಿಟ್ಟು, ಬಾಗಿಲಿಗೆ ಹೋದ. ಅಲ್ಲಿ ಮೂರು ಮೆಟ್ಟಿಲಿವೆ. ಪಾದ ಚಾಚಿ ಚಾಚಿ ಒಂದೊಂದನ್ನೂ ತಡಕುತ್ತ ಇಳಿದ. ನಮ್ಮೂರಿನಲ್ಲಿ ಕುರುಡನೊಬ್ಬ ಮೆಟ್ಟಿಲಿಳಿದರೆ ಹತ್ತು ಕೈ ಮುಂದೆ ಬರುತ್ತವೆ. ಆ ದಿನ ನೂರಾ ಎರಡು ಜನ ನಿಂತಿದ್ದೆವು, ಅವನನ್ನು ಚೆನ್ನಾಗಿ ಕಾಣುತ್ತಿದ್ದೆವು. ಒಂದು ಕೈಯೂ ಏಳಲಿಲ್ಲ.

ಜೀಪಿನ ಧೂಳು ಅಡಗುವ ಮೊದಲೇ ಅರ್ನುಲ್ಫೊ ತಂತಿ ಬೆಸೆದ, ಚಿಪ್ಪು ಕೂರಿಸಿದ. ಹನ್ನೆರಡಕ್ಕೆ ಎಡಗಣ್ಣಿನ ಮಸೂರ ಬಂತು. ಆ ಯಂತ್ರ ಕಡತದಲ್ಲಿ ಇವತ್ತಿಗೂ ಸತ್ತೇ ಇದೆ. ಸತ್ತದ್ದನ್ನು ಯಾರೂ ಕದಿಯಲಾರರು, ಯಾರೂ ತಪಾಸಣೆ ಮಾಡಲಾರರು. ಅಕ್ಕಪಕ್ಕದ ಊರಿನವರು ಚೀಟಿ ಹಿಡಿದು ಬಂದು, ಸಾವಿನ ಮನೆಗೆ ಬಂದವರಂತೆ ದನಿ ತಗ್ಗಿಸಿ "ಕೊನೆಯವರ‍್ಯಾರು?" ಅಂತ ಕೇಳುತ್ತಾರೆ. ಆ ವರ್ಷದ ಡಿಪ್ಲೊಮಾ, ಸರ್ಕಾರಿ ಆಸ್ತಿಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಿದ್ದಕ್ಕೆ ಬೆಲಾರ್ಮಿನೊನಿಗೆ ಸಿಕ್ಕಿತು. ಅರ್ನುಲ್ಫೊ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ.

ಆದರೆ ಆ ಶುಕ್ರವಾರ ಮಧ್ಯಾಹ್ನದ ಮಾತು ಉಳಿದಿದೆ. ಸೊರಾಯ್ದ ಎರಡೂ ಗಾಜು ಏರಿಸಿ ಮನೆಗೆ ಬಂದು, ಗಂಡನ ಮುಖ ನೋಡಿ "ಎಷ್ಟು ಮುದುಕ ಆಗಿದೀಯೋ," ಎಂದಳು. ಸೂಜಿಗೆ ದಾರ ಪೋಣಿಸಿದಳು, ಮೊದಲ ಏಟಿಗೇ ಹೋಯಿತು. ಆಮೇಲೆ, ಇಷ್ಟೆಲ್ಲ ರಂಪ ಮಾಡಿದ ಆ ವರದಿಯಾದರೂ ಏನು ನೋಡೋಣ ಅಂತ ಅವನ ಪ್ರತಿ ತೆಗೆದು ಮೊದಲಿನಿಂದ ಓದತೊಡಗಿದಳು. ನಾಲ್ಕನೇ ಪುಟಕ್ಕೆ ಬಂದಾಗ ವಠಾರದ ಕಾಗೆಗಳು ಹಾರಿಹೋಗುವಂತೆ ಕೂಗಿದಳು:

"ಕಿಲುಬು ತಿಕ್ಕಲು ಹಲ್ಲುಜ್ಜುವ ಬ್ರಶ್ಶು ಒಂದು, ಕೆಂಪು ಬಣ್ಣದ್ದು! ಅರ್ನುಲ್ಫೊ!"

ಒರ್ತೆನ್ಸಿಯ ಬಾಗಿಲಿಗೆ ಬಂದು ತನ್ನ ಮೂರು ಹಲ್ಲುಗಳನ್ನೂ ತೋರಿಸಿ ನಿಂತಳು. ಅರ್ನುಲ್ಫೊ ಗೋಡೆಯ ಮೊಳೆಯ ಕೆಳಗೆ, ಕಾಫಿ ಸೋಸುವ ಬಟ್ಟೆಯ ಹಿಂದೆ ಮುಖ ಮರೆಸಿಕೊಂಡಿದ್ದ. ಮೂರು ಅಪರಾಧ, ಹನ್ನೊಂದು ಪುಟ, ಎರಡು ಜೀಪು ಸವಾರಿ, ಆರು ಸಹಿ. ಆ ಇಡೀ ಪ್ರಕರಣದಲ್ಲಿ ನಿಜವಾಗಿ ಕಳುವಾದ ವಸ್ತು ಅದೊಂದೇ. ಅದನ್ನು ಮಾತ್ರ ಸಮಿತಿಯವರು ಯಾರೂ ಬರೆದುಕೊಂಡಿರಲಿಲ್ಲ.